ಚಿನ್ನಪ್ಪನನ್ನು ಡಾಕ್ಟರ ಬಳಿ ಕರೆದೊಯ್ದದ್ದು

"ಓಡಿಗೀಡಿ ಹೋದೀಯ, ಹುಷಾರ್!"

ಸಂಗಮೇಶ್ ಚಿನ್ನಪ್ಪನ ತೋಳು ಹಿಡಿದೇ ಆಟೋ ಹತ್ತಿದ. ತೊಂಬತ್ತೈದರ ಯುಗಾದಿ ಕಳೆದ ಮೇಲೆ ದಾವಣಗೆರೆಯಿಂದ ಬಂದು ಪೀಣ್ಯದ ಬೋಲ್ಟು ಕಾರ್ಖಾನೆಯಲ್ಲಿ ಪರ್ಸೊನೆಲ್ ಆಫೀಸರ್ ಆದವನು ಅವನು. ಬೆಳಿಗ್ಗೆ ಮ್ಯಾನೇಜರ್ ಕರೆದು, "ಚಿನ್ನಪ್ಪನ ಜೊತೆ ಟಿ. ದಾಸರಹಳ್ಳಿ ಡಾಕ್ಟರ ಹತ್ತಿರ ಹೋಗಿಬನ್ನಿ. ಅವರು ಬರೆದುಕೊಟ್ಟರೆ ಮಾತ್ರ ಕೆಲಸ ಉಳಿಯುತ್ತೆ" ಎಂದಿದ್ದರು.

ಲೇತ್ ಕೆಲಸದ ಚಿನ್ನಪ್ಪನ ಫೈಲನ್ನು ಸಂಗಮೇಶ್ ಆಗಲೇ ತಿರುವಿಹಾಕಿದ್ದ. ಕುಡಿದು ಬಂದದ್ದಕ್ಕೆ ಮೂರು ನೋಟಿಸು. ತಾರೀಖು ನೋಡುವ ಗೋಜಿಗೆ ಅವನು ಹೋಗಲಿಲ್ಲ. ಕುಡುಕನಿಗೆ ಎಲ್ಲ ದಿನವೂ ಒಂದೇ ತಾನೇ?

"ಲಿಂಗ ಕಟ್ಟಿದವರು ನಾವು. ಹೆಂಡದ ವಾಸನೆಯೂ ನಮ್ಮ ಮನೆಗೆ ಸುಳಿದಿಲ್ಲ ಕಣಯ್ಯ" ಎಂದು ಉಪದೇಶ ಶುರುವಾಯಿತು. ನಡುವೆ ಅವನ ಎದೆ ಢವಢವ ಹೊಡೆದುಕೊಂಡಿತು. ಟೈಪಿಸ್ಟ್ ಸೌಮ್ಯಾಳಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ತನ್ನ ಮೇಲೆ ಪಿತೂರಿ ಹೂಡಿದ್ದಾರೆ ಎಂಬುದು ನೆನಪಾದಾಗಲೆಲ್ಲ ಹೀಗೇ. ಚೀಲದಿಂದ ಕೆಮ್ಮಿನ ಔಷಧಿ ತೆಗೆದು ಬಾಟಲಿಯನ್ನೇ ಎತ್ತಿ ಗಟಗಟ ಕುಡಿದ. ಬೆಳಗಿನಿಂದ ಅದು ಮೂರನೆಯ ಬಾಟಲಿ. ಕೆಮ್ಮು ಮಾತ್ರ ಒಂದು ಸಲವೂ ಬಂದಿರಲಿಲ್ಲ. ಔಷಧಿಯ ಮಹಿಮೆ ಎಂದರೆ ಅದು!

"ಊಟ ಮಾಡಿದ್ರಾ ಸಾರ್?" ಎಂದ ಚಿನ್ನಪ್ಪ.

"ನನ್ನ ಊಟ ಕಟ್ಕೊಂಡು ನಿನಗೇನಾಗ್ಬೇಕು? ಕೆಲಸದ ಚಿಂತೆ ಮಾಡು."

"ಅದೇ ಚಿಂತೆ ಸಾರ್. ಕೆಲ್ಸ ಓದ್ರೆ ಮನೇಲಿ ಮಕ ತೋರ್ಸಕ್ಕಾಗಲ್ಲ."

ಆಟೋದವನಿಗೆ ಬಲಕ್ಕೆ, ಎಡಕ್ಕೆ ಎಂದು ದಾರಿ ಹೇಳಿದವನು ಚಿನ್ನಪ್ಪನೇ. ಕ್ಲಿನಿಕ್ಕಿನ ಕಾಂಪೌಂಡರ್ "ಬನ್ನಿ ಚಿನ್ನಪ್ಪಣ್ಣ" ಎಂದು ಎದ್ದು ನಿಂತ. ಕಾಯಂ ಗಿರಾಕಿ, ಎಂದುಕೊಂಡ ಸಂಗಮೇಶ್. ಅವನಿಗೆ ಅಸಹ್ಯವಾಯಿತು.

ಡಾಕ್ಟರ್ ವೇಣಿ ಇಬ್ಬರನ್ನೂ ಎದುರು ಕೂರಿಸಿಕೊಂಡರು. "ಚಟ, ಮನಸ್ಸಿನ ಕಾಯಿಲೆ ಎಷ್ಟೋ ಸಲ ಜೋಡೆತ್ತು ಇದ್ದ ಹಾಗೆ. ಒಂದನ್ನ ಬಿಚ್ಚಿ ಇನ್ನೊಂದನ್ನ ನೊಗದಲ್ಲೇ ಬಿಟ್ರೆ ಗಾಡಿ ನಿಂತಲ್ಲೇ ಸುತ್ತುತ್ತೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗ್ಬೇಕು."

ಸಂಗಮೇಶ್ ಪಕಪಕ ನಕ್ಕ. "ಒಂದು ಸಂಬಳಕ್ಕೆ ಎರಡೆರಡು ಕಾಯಿಲೆನಾ ಮೇಡಂ? ಮನಸ್ಸಂತೆ, ಕಾಯಿಲೆಯಂತೆ! ಎಲ್ಲಾ ಸೋಮಾರಿಗಳ ನೆಪ. ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಬರೆದುಬಿಡಿ."

"ಹಾಗೇ ಬರೀಲಾ?"

"ಬರೀರಿ. ಸಹಿ ನಾನೇ ಹಾಕ್ತೀನಿ."

ಚಿನ್ನಪ್ಪ ದಡಬಡಿಸಿ ಎದ್ದು ಕೈಮುಗಿದ. ಅವನ ಕಣ್ಣು ತುಂಬಿತ್ತು. "ಬ್ಯಾಡಿ ಮೇಡಂ, ಸಾರು ಏನೋ ಕೋಪದಲ್ಲಿ ಅಂತವ್ರೆ. ಕೆಲ್ಸ ಒಂದು ಉಳ್ಸಿಕೊಡಿ. ಮನೇಲಿ ಎರಡು ಸಣ್ಣ ಮಕ್ಕಳವ್ರೆ."

ಸಂಗಮೇಶ್ ಜಂಬದಿಂದ ಮುಖ ತಿರುಗಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟು, ಅವನ ಚೀಲದಿಂದ ಇಣುಕುತ್ತಿದ್ದ ಔಷಧಿ ಬಾಟಲಿಯನ್ನೂ ಅವನನ್ನೂ ನೋಡಿದರು.

"ಚಿನ್ನಪ್ಪ ಕುಡಿತ ಬಿಟ್ಟು ಎರಡು ವರ್ಷ ಆಯ್ತು ಸಂಗಮೇಶ್ ಅವ್ರೇ, ಈಗ ಅವರು ಬೇಡ್ಕೊಳ್ತಿರೋದು ನಿಮ್ಮ ಕೆಲಸಕ್ಕೋಸ್ಕರ, ನಿಮ್ಮ ಮಕ್ಕಳಿಗೋಸ್ಕರ."