ಸಿಂಚನಳ ಸರದಿ

"ಮೊದಲು ಇಂಚರ ಮಾತಾಡ್ಲಿ. ಆಮೇಲೆ ನೀನು, ಸಿಂಚನ," ಎನ್ನುತ್ತ ವಾರಿಜಾ ತನ್ನ ಅವಳಿ ಹೆಣ್ಣುಮಕ್ಕಳ ಮುಂದೆ ತಟ್ಟೆ ಇಟ್ಟಳು.

ಊರಿನ ನೆನಪಿನ ಯಂತ್ರ ಪ್ರತಿ ದನಿಯನ್ನೂ ಮನೆ, ಹುಟ್ಟಿದ ದಿನ, ಕೂಗಿದ ಕ್ಷಣ ನೋಡಿ ಜೋಡಿಸಿಡುತ್ತಿತ್ತು. ಮೂರೂ ಒಂದೇ ಆದರೆ ತನಗೆ ಕೊನೆಗೆ ತಲುಪಿದ ದನಿಯನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸುತ್ತಿತ್ತು. ಯಂತ್ರ ಅಳಿಸಿದವರು ಊರಲ್ಲೂ, ಊರವರ ನೆನಪಲ್ಲೂ ಇರುತ್ತಿರಲಿಲ್ಲ. ಅದಕ್ಕೇ ಅವಳಿಗಳು ಸರದಿಯಲ್ಲೇ ನಗುತ್ತಿದ್ದರು, ಸರದಿಯಲ್ಲೇ ಅಳುತ್ತಿದ್ದರು.

ಸೂರಿನಿಂದ ಹಲ್ಲಿಯೊಂದು ತಟ್ಟೆಗಳ ನಡುವೆ ಪಟ್ಟೆಂದು ಬಿತ್ತು. ವಾರಿಜಾ ಇಬ್ಬರ ಬಾಯಿ ಮುಚ್ಚಲು ಹಾರಿದಳು.

"ಅಮ್ಮಾ!" ಇಬ್ಬರೂ ಒಟ್ಟಿಗೇ ಚೀರಿದರು.

ವಾರಿಜಾಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಯಾಕೆಂದು ಮಾತ್ರ ಹೊಳೆಯಲಿಲ್ಲ. "ಹಲ್ಲಿಗೆಲ್ಲ ಹೀಗೆ ಕಿರುಚ್ತಾರೇನೇ, ಸಿಂಚನ?"

ಸಿಂಚನ ಪಕ್ಕದ ಖಾಲಿ ಜಾಗದ ಮುಂದಿದ್ದ ತಟ್ಟೆಯನ್ನೇ ನೋಡುತ್ತ, ತನ್ನ ಸರದಿ ಬರಲೆಂದು ಕಾಯುತ್ತಿದ್ದಳು.