ನೇರ ಪ್ರಸಾರದಲ್ಲಿ ಸೊಪ್ಪಿನ ಹೆಸರು

"ಯಾವ ಸೊಪ್ಪು, ಹೇಗೆ ಅರೀಬೇಕು, ಎಲ್ಲಾ ಹೇಳಿಬಿಡಿ ಅಜ್ಜಿ. ಅದು ನಿಮ್ದೇ ಅಂತ ಊರಿಗೇ ಗೊತ್ತಾಗ್ಲಿ," ಎಂದು ರೇಡಿಯೋ ಉದ್ಘೋಷಕಿ ಹುರಿದುಂಬಿಸಿದಳು. ಗಿಡಮೂಲಿಕೆಯಿಂದ ಲಾಭ ಮಾಡುವ ಕಂಪನಿ ಅದನ್ನು ಕಾಪಾಡಿಕೊಂಡು ಬಂದವರಿಗೂ ಪಾಲು ಕೊಡಬೇಕೆಂದು ಜನರಿಗೆ ತಿಳಿಸುವ ಕಾರ್ಯಕ್ರಮ ಅದು. ಹುಣ್ಣಿಗೆ ಮದ್ದು ಕೊಡುವ ಅಜ್ಜಿ, ಸೊಪ್ಪಿನ ಹೆಸರಿನಿಂದ ಹಿಡಿದು ತೊಗಟೆಯ ಅಳತೆಯವರೆಗೆ ಒಂದನ್ನೂ ಬಿಡದೆ ಹೇಳಿದಳು.

ಮೊದಲ ಕರೆ ಉದ್ಘೋಷಕಿಯ ಹೆಡ್‌ಫೋನಿಗೆ ಬಂತು. "ನಮಸ್ಕಾರ ಮೇಡಂ, ಔಷಧ ಕಂಪನಿಯಿಂದ. ಪಾಲಿನ ಕರಾರಿಗೆ ಸಹಿ ಹಾಕೋವರೆಗೂ ಬಾಯಿ ಬಿಡಲ್ಲ ಅಂತ ಅಜ್ಜಿ ಎರಡು ವರ್ಷ ನಮ್ಮನ್ನ ಬಾಗಿಲಲ್ಲೇ ನಿಲ್ಲಿಸಿದ್ರು. ನೀವು ಐದೇ ನಿಮಿಷದಲ್ಲಿ ಬಾಯಿ ಬಿಡಿಸಿದ್ರಿ. ಊರಿಗೆಲ್ಲ ಸಾರಿದ್ದಕ್ಕೆ ಇನ್ನೆಂಥ ಕರಾರು? ಎಲ್ಲಾ ಬರ್ಕೊಂಡ್ವಿ, ಥ್ಯಾಂಕ್ಸ್."

ಕಾನೂನನ್ನು ಅರೆದು ಕುಡಿದಿದ್ದ ಉದ್ಘೋಷಕಿ ಮುಂದಿದ್ದ ಕಾರ್ಯಕ್ರಮದ ಹಾಳೆಯನ್ನು ಮಗುಚಿಟ್ಟಳು. ಅಜ್ಜಿ ಅವಳ ಮೊಣಕೈ ತಿವಿದಳು. "ಯಾರಮ್ಮಾ, ಕಂಪನಿಯೋರಾ? ರೇಡಿಯೋ ಅಂದ್ರೆ ಹೆಂಗೆ ನಡುಗಿದ್ರು ನೋಡು! ಸಹಿ ಹಾಕ್ತಾರಂತಾ?"

ಕರೆ ಕತ್ತರಿಸಿ ಹಾಡು ಹಾಕಿದ್ದರೆ ಅಜ್ಜಿ ನಗುತ್ತಲೇ ಮನೆಗೆ ಹೋಗುತ್ತಿದ್ದಳು. ಉದ್ಘೋಷಕಿ ಹೆಡ್‌ಫೋನ್ ಕಳಚಿ, ಅಜ್ಜಿಯ ನರೆತ ತಲೆಗೆ ತೊಡಿಸಿ, ಮೈಕಿಗೆ ಬಾಗಿದಳು. "ಇನ್ನೊಂದ್ಸಲ ಹೇಳಿ ಸಾರ್. ಇವರಿಗೇ ಹೇಳಿ."