ಕಾಶವ್ವನ ಮನೆ ಸೀಳಿದ ಗೆರೆ

ಬ್ರಹ್ಮನಿಗೂ ಪಾಠ ಹೇಳಬಲ್ಲ ಪ್ರೊಫೆಸರ್ ಮುರಗೋಡರು, ಕಳ್ಳತನ ಹುಟ್ಟುವುದು ಜಾಗದಿಂದ ಎಂದು ಸಾಧಿಸಿದ ಮೇಲೆ ಪೊಲೀಸರು ಕಳ್ಳರನ್ನು ಹುಡುಕುವುದನ್ನೇ ಬಿಟ್ಟರು. ಊರಲ್ಲಿ ಏನೇ ಕಳುವಾಗಲಿ, ಪ್ರೊಫೆಸರರು ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಿದ ಕಳ್ಳರ ಓಣಿಯಲ್ಲಿ ಮೊದಲು ಸಿಕ್ಕವರನ್ನು ಎಳೆದೊಯ್ಯುತ್ತಿದ್ದರು. ಓಣಿಯ ಗೆರೆ ಕಾಶವ್ವನ ಮನೆಯನ್ನೇ ಸೀಳಿತ್ತು: ಪಡಸಾಲೆ ಸಜ್ಜನರದು, ಅಡುಗೆಮನೆ ಕಳ್ಳರದು. ರೊಟ್ಟಿ ಬಡಿಯುತ್ತಲೇ ಆಕೆ ನೂರು ಸಲ ಜೈಲು ಕಂಡಿದ್ದಳು. ಇನ್ನೊಮ್ಮೆ ಸಿಕ್ಕರೆ ಗಡಿಪಾರು.

ಗೆರೆ ನೋಡಲು ಪ್ರೊಫೆಸರರೇ ಪಡಸಾಲೆಗೆ ಬಂದ ದಿನ, ಹೊರಗೆ ಪೊಲೀಸ್ ಸೀಟಿ ಕೇಳಿತು. ಕಾಶವ್ವ ಒಲೆ ಬಿಟ್ಟೆದ್ದು ಬಂದಳು.

"ಸಾಹೇಬ್ರ, ಬಿಸಿ ರೊಟ್ಟಿ ಐತಿ, ಒಲಿ ಮುಂದ ಕುಂತು ಉಣ್ರಿ."

ಪ್ರೊಫೆಸರರು ಅಡುಗೆಮನೆಗೆ ಹೋಗಿ ಕೂತು ತುತ್ತು ಬಾಯಿಗಿಡುವಷ್ಟರಲ್ಲಿ ಪೇದೆ ಅವರ ಕೊರಳಪಟ್ಟಿ ಹಿಡಿದ.

"ಅಯ್ಯೋ, ನಾನು ಪ್ರೊಫೆಸರ್ ಕಣಯ್ಯಾ!"

"ಒಳ್ಳೇರೇ ಇದ್ರಿ, ಜಾಗ ಕೆಡಿಸ್ತು," ಎಂದು ಪೇದೆ ಮರುಗಿದ.

ಪಡಸಾಲೆಯಲ್ಲಿ ಕಾಲು ಚಾಚಿದ ಕಾಶವ್ವ ಕೂಗಿದಳು: "ಉಳಿದ ರೊಟ್ಟಿ ಕಟ್ಟಿಕೊಡ್ಲೇನ್ರಿ?"